ಬೀಟೆ ಸಸಿ ಕಿತ್ತರೆ ನಿರಾಳ, ಬಿಟ್ಟರೆ ಭಯ: ಖಾಸಗಿ ಜಮೀನಿನಲ್ಲಿ ಕಾಡು ಉಳಿಯಬೇಕಾದರೆ

ಸೋಮವಾರಪೇಟೆ ಕಡೆಯ ನಮ್ಮ ತೋಟದ ಕೆಳಗಿನ ಅಂಚಿನಲ್ಲಿ, ಹಳ್ಳಕ್ಕೆ ಇಳಿಯುವ ಜಾಗದಲ್ಲಿ ಒಂದು ಬೀಟೆ (ರೋಸ್‌ವುಡ್) ಸಸಿ ತಾನಾಗಿಯೇ ಹುಟ್ಟಿತ್ತು. ಮೊಣಕಾಲೆತ್ತರ ಇರಬಹುದು. ಕಳೆ ಹೊಡೆಯುವವರ ಕತ್ತಿಗೆ ಸಿಗದೆ ಎರಡು ವರ್ಷ ಹೇಗೋ ಉಳಿದುಕೊಂಡಿತ್ತು. ಅದಕ್ಕೊಂದು ಗೂಟ ನೆಟ್ಟು ಗುರುತು ಮಾಡುತ್ತಿದ್ದಾಗ ಪಕ್ಕದ ತೋಟದ ಹಿರಿಯರು ಬೇಲಿ ದಾಟಿ ಬಂದರು. ನಮ್ಮ ತಂದೆಯ ಓರಗೆಯವರು, ನಾವು ಮಾವ ಎಂದೇ ಕರೆಯುವುದು. ಸಸಿ ನೋಡಿದವರೇ, "ಈಗ್ಲೇ ಕಿತ್ತು ಬಿಸಾಕಪ್ಪ. ತೊಡೆ ಗಾತ್ರ ಆದ್ಮೇಲೆ ಅದು ನಿಂದಲ್ಲ. ನೆರಳು ಜಾಸ್ತಿ ಆಯ್ತು ಅಂತ ಕಡೀಬೇಕು ಅಂದ್ರೆ ಆಫೀಸಿಗೆ ಅಲೀಬೇಕು. ಅದೇ ಜಾಗಕ್ಕೆ ಒಂದು ಸಿಲ್ವರ್ ಓಕ್ ಹಾಕು, ಮೆಣಸು ಹಬ್ಬಿಸು" ಎಂದರು.

ಮಾವನಿಗೆ ಕಾಡಿನ ಮೇಲೆ ದ್ವೇಷವೇನಿಲ್ಲ. ಅವರ ತೋಟದ ನಡುವೆ ಒಂದು ಮುದಿ ಗೋಣಿಮರ ಇದೆ. ಅದರ ನೆರಳಿಗೆ ಸುತ್ತಲಿನ ಗಿಡಗಳಲ್ಲಿ ಕಾಫಿ ಕಚ್ಚುವುದು ಕಡಿಮೆ. ಆದರೂ ಹಣ್ಣಿನ ಕಾಲದಲ್ಲಿ ಮಂಗಟ್ಟೆ ಹಕ್ಕಿಗಳು ಅದಕ್ಕೆ ಮುಗಿಬೀಳುತ್ತವೆ ಎಂಬ ಒಂದೇ ಕಾರಣಕ್ಕೆ ಅದನ್ನು ಉಳಿಸಿಕೊಂಡಿದ್ದಾರೆ. ಹಾಗಿದ್ದವರ ಬಾಯಲ್ಲಿ 'ಕಿತ್ತು ಬಿಸಾಕು' ಎಂಬ ಮಾತು ಬರುತ್ತದೆ ಎಂದರೆ ತಪ್ಪು ಅವರ ಮನಸ್ಸಿನಲ್ಲಿಲ್ಲ, ನಾವು ಕಟ್ಟಿಕೊಂಡಿರುವ ವ್ಯವಸ್ಥೆಯಲ್ಲಿದೆ. ಖಾಸಗಿ ಜಮೀನಿನಲ್ಲಿ ಕಾಡುಮರ, ಕಾಡುಪ್ರಾಣಿ ಉಳಿಸುವ ಚರ್ಚೆ ಎದ್ದಾಗಲೆಲ್ಲ ಬೆಳೆಗಾರರಿಗೆ ಅರಿವು ಮೂಡಿಸಬೇಕು ಎನ್ನುವವರೇ ಹೆಚ್ಚು. ಅರಿವಿಗೆ ಇಲ್ಲಿ ಕೊರತೆಯಿಲ್ಲ. ಉಳಿಸಿದವನಿಗೆ ಭಯ, ತೆಗೆದವನಿಗೆ ನೆಮ್ಮದಿ ಎಂಬಂತೆ ಕಾನೂನೂ ದುಡ್ಡೂ ಜೋಡಿಸಿಕೊಂಡಿವೆ. ಮೊದಲು ಬಿಚ್ಚಬೇಕಾದ ಗಂಟು ಅದು.

ಖಾಸಗಿ ಜಮೀನಿನ ಮಾತೇಕೆ, ಅಭಯಾರಣ್ಯಗಳಿಲ್ಲವೇ ಎಂದು ಕೇಳುವವರಿದ್ದಾರೆ. ದೇಶದ ನೆಲದಲ್ಲಿ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ ಎಲ್ಲ ಸೇರಿದರೂ ನೂರಕ್ಕೆ ಐದರ ಆಸುಪಾಸು. ಪ್ರಾಣಿಗಳು ಆ ಗಡಿಯೊಳಗೇ ಇರುವುದಿಲ್ಲ. ಕರ್ನಾಟಕದಲ್ಲಿ 2023ರ ಗಣತಿಯ ಅಂದಾಜಿನಂತೆ 6,395 ಆನೆಗಳಿವೆ. ಕೊಡಗು, ಸಕಲೇಶಪುರ, ಆಲೂರು ಭಾಗದಲ್ಲಿ ಕಾಫಿ ತೋಟದಲ್ಲೇ ಹುಟ್ಟಿ, ತೋಟದ ಕೆರೆಯಲ್ಲೇ ನೀರು ಕುಡಿದು ಬೆಳೆದ ಆನೆಗಳೇ ಎಷ್ಟೋ. 2014ರಲ್ಲಿ ಆಲೂರು ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ತೆರವಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಅವುಗಳ ಲೆಕ್ಕದಲ್ಲಿ ತೋಟವೂ ಕಾಡೇ. ಹಕ್ಕಿಗಳದ್ದೂ ಇದೇ ಕಥೆ. ನಮ್ಮ ಪಶ್ಚಿಮ ಘಟ್ಟದ ಕಾಫಿ, ಅಡಿಕೆ, ರಬ್ಬರ್ ತೋಟಗಳಲ್ಲಿ ನಡೆದ ಅಧ್ಯಯನದಲ್ಲಿ 200ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ಸಿಕ್ಕಿವೆ. ಮೂರರಲ್ಲಿ ಮುಂದಿದ್ದದ್ದು ಕಾಫಿ ತೋಟ. ಕಾರಣ ಕಾಫಿಗಿಡವಲ್ಲ, ಅದರ ಮೇಲಿನ ನೆರಳಿನ ಮರ.

ಆ ನೆರಳಿನ ಮರ ಈಗ ಬದಲಾಗುತ್ತಿದೆ. ಅತ್ತಿ, ಬಸರಿ, ಹೊನ್ನೆ, ನಂದಿ, ಮತ್ತಿ ಇದ್ದಲ್ಲಿ ಸಿಲ್ವರ್ ಓಕ್ ನಿಲ್ಲುತ್ತಿದೆ. ಸಿಲ್ವರ್ ಆಸ್ಟ್ರೇಲಿಯಾ ಮೂಲದ್ದು. ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಹೇಳಿಮಾಡಿಸಿದಂತಿದೆ, ಮರಗಸಿ, ಅಂದರೆ ಕೊಂಬೆ ಸವರುವುದು, ಸುಲಭ, ದುಡ್ಡು ಬೇಗ. ಇಷ್ಟೇ ಆಗಿದ್ದರೆ ಬೆಳೆಗಾರನ ಆಯ್ಕೆ ಎಂದು ಸುಮ್ಮನಾಗಬಹುದಿತ್ತು. ಆದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಅನುಮತಿ ಇಲ್ಲದೆ ಕಡಿಯಬಹುದಾದ ಮರಗಳ ಪಟ್ಟಿಯಲ್ಲಿ ಸಿಲ್ವರ್ ಇದೆ. ಬೀಟೆ, ಹೊನ್ನೆ, ನಂದಿಗೆ ಆ ರಿಯಾಯಿತಿ ಇಲ್ಲ. ಅಪರೂಪದ ಮರವನ್ನು ಕಾಯಲೆಂದೇ ಮಾಡಿದ ನಿಯಮ ಅದು. ಆದರೆ ನಿಯಮ ಕಾಯುವುದು ಆಗಲೇ ದೊಡ್ಡದಾಗಿ ನಿಂತ ಮರವನ್ನು. ನಾಳೆ ದೊಡ್ಡದಾಗಬೇಕಾದ ಸಸಿಯನ್ನು ಕಾಯುವವರಿಲ್ಲ. ನೂರು ವರ್ಷದ ಬೀಟೆ ಕಡಿಯಲು ಅರ್ಜಿ, ಅಳತೆ, ಮಹಜರು ಬೇಕು. ಮೊಣಕಾಲೆತ್ತರದ ಬೀಟೆ ಕೀಳಲು ಎರಡು ಬೆರಳು ಸಾಕು, ಯಾವ ದಾಖಲೆಯಲ್ಲೂ ಬರುವುದಿಲ್ಲ.

ಕೊಡಗಿನಲ್ಲಿ ಇದರ ಮೇಲೆ ಇನ್ನೊಂದು ತೊಡಕಿದೆ. ಇಲ್ಲಿ ನೆಲದ ಹಕ್ಕು ಬೇರೆ, ಮರದ ಹಕ್ಕು ಬೇರೆ. ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡ ಜಮೀನು ರಿಡೀಮ್ಡ್, ಕಟ್ಟದೆ ಉಳಿದದ್ದು ಅನ್‌ರಿಡೀಮ್ಡ್. ಅನ್‌ರಿಡೀಮ್ಡ್ ಜಮೀನಿನಲ್ಲಿ ಕಾಫಿ ಬೆಳೆಯುವವನು ನೀವು, ಕಂದಾಯ ಕಟ್ಟುವವನು ನೀವು, ಮೇಲೆ ನಿಂತ ಕಾಡುಮರ ಮಾತ್ರ ಸರ್ಕಾರದ್ದು. ಗಾಳಿಗೆ ಕೊಂಬೆ ಮುರಿದು ಕಾಫಿಗಿಡದ ಮೇಲೆ ಬಿದ್ದರೆ ನಷ್ಟ ನಿಮ್ಮದು, ಕೊಂಬೆ ಅವರದ್ದು. ಬ್ರಿಟಿಷರ ಕಾಲದಿಂದ ನಡೆದು ಬಂದ ಈ ಲೆಕ್ಕ ಬೆಳೆಗಾರನನ್ನು ತನ್ನದೇ ತೋಟದ ಮರಗಳಿಗೆ ಹೊರಗಿನವನನ್ನಾಗಿ ಮಾಡಿದೆ. ಮಾವ ಹೇಳಿದ 'ಅದು ನಿಂದಲ್ಲ' ಎಂಬ ಮಾತಿನ ಬೇರು ಇರುವುದು ಇಲ್ಲಿ.

ಗಂಧದ ಮರದಲ್ಲಿ ಈ ಪಾಠವನ್ನು ನಾವು ಒಮ್ಮೆ ಕಲಿತಾಗಿದೆ. 1792ರಲ್ಲಿ ಟಿಪ್ಪು ಗಂಧವನ್ನು ರಾಜವೃಕ್ಷ ಎಂದು ಸಾರಿದ. ಆಮೇಲೆ ಬಂದ ಬ್ರಿಟಿಷರೂ, ಮೈಸೂರು ಅರಸರೂ, ನಮ್ಮ ಸರ್ಕಾರವೂ ಅದನ್ನೇ ಮುಂದುವರಿಸಿದರು. ಹೊಲದಲ್ಲಿ ಹುಟ್ಟಿದ ಗಂಧ ರೈತನದ್ದಲ್ಲ, ಕಳವಾದರೆ ಜವಾಬ್ದಾರಿ ಮಾತ್ರ ರೈತನದ್ದು. ಬದುವಿನಲ್ಲಿ ಗಂಧದ ಸಸಿ ಕಂಡರೆ ಅಜ್ಜಂದಿರು ಯಾರಿಗೂ ಕಾಣದಂತೆ ಚಿವುಟಿ ಹಾಕುತ್ತಿದ್ದರು. ಗಂಧದ ಗುಡಿ ಎಂದು ಹೆಸರಾದ ನಾಡಿನಲ್ಲಿ ಹೊಲಗದ್ದೆಗಳ ಗಂಧ ಮಾಯವಾಗಲು ಕಳ್ಳರಷ್ಟೇ ಈ ಕಾನೂನೂ ಕಾರಣ. 2001ರ ತಿದ್ದುಪಡಿಯ ಬಳಿಕ ಜಮೀನಿನ ಗಂಧ ಜಮೀನಿನವನದ್ದೇ ಆಯಿತು, ಈಗ ಗಂಧ ನೆಡುವ ರೈತರಿದ್ದಾರೆ. ಗಂಧಕ್ಕೆ ಒಪ್ಪಿಕೊಂಡ ಸತ್ಯವನ್ನು ಬೀಟೆಗೆ, ಹೊನ್ನೆಗೆ ಒಪ್ಪಿಕೊಳ್ಳಲು ನಮಗೇನು ಅಡ್ಡಿ?

ಇದು ನಮ್ಮಲ್ಲಿ ಮಾತ್ರ ಆದ ತಪ್ಪಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ರೆಡ್ ಕಾಕೇಡೆಡ್ ಎಂಬ ಮರಕುಟಿಗವಿದೆ. ಹಳೆಯ ಪೈನ್ ಮರದಲ್ಲೇ ಪೊಟರೆ ಕೊರೆಯುತ್ತದೆ, ಎಳೆಯ ಮರ ಅದಕ್ಕೆ ಆಗದು. ಅಳಿವಿನಂಚಿನ ಹಕ್ಕಿಯೆಂದು ಕಾನೂನಿನ ರಕ್ಷಣೆ ಬಂದ ಮೇಲೆ, ಅದು ಗೂಡು ಮಾಡಿದ ಜಮೀನಿನಲ್ಲಿ ಮರ ಕಡಿಯುವುದಕ್ಕೆ ನಿರ್ಬಂಧ ಬಿತ್ತು. ಹಕ್ಕಿ ಬಂದರೆ ತೊಂದರೆ ಎಂದು ಜಮೀನುದಾರರು ಪೈನ್ ಹಳತಾಗುವ ಮೊದಲೇ ಕಡಿದು ಮಾರತೊಡಗಿದರು. ಹಕ್ಕಿಯನ್ನು ಉಳಿಸಲು ಬಂದ ಕಾನೂನೇ ಹಕ್ಕಿಯ ಮನೆಯನ್ನು ಕಡಿಸಿತು. ಆಗ 1995ರಲ್ಲಿ ಉತ್ತರ ಕೆರೊಲಿನಾದಲ್ಲಿ ಒಂದು ಒಪ್ಪಂದ ರೂಪುಗೊಂಡಿತು. ಇವತ್ತು ನಿಮ್ಮ ಜಮೀನಿನಲ್ಲಿ ಎಷ್ಟು ಹಕ್ಕಿಗಳಿವೆಯೋ ಅಷ್ಟಕ್ಕೆ ನೀವು ಹೊಣೆ. ಕಾಡು ಸುಧಾರಿಸಿ ಇನ್ನಷ್ಟು ಹಕ್ಕಿ ಬಂದರೆ ಅದಕ್ಕಾಗಿ ನಿಮ್ಮ ಮೇಲೆ ಹೊಸ ನಿರ್ಬಂಧ ಹೇರುವುದಿಲ್ಲ ಎಂಬ ಲಿಖಿತ ಭರವಸೆ ಅದು. ದುಡ್ಡಿಗಿಂತ ಮೊದಲು ಜಮೀನುದಾರರು ಬಯಸಿದ್ದು ಆ ಭರವಸೆಯನ್ನು. 2024ರಲ್ಲಿ ಈ ಮರಕುಟಿಗವನ್ನು ಅಪಾಯದ ಪಟ್ಟಿಯಲ್ಲಿ ಒಂದು ಮೆಟ್ಟಿಲು ಕೆಳಗಿಳಿಸಿದರು. ಸರ್ಕಾರಿ ಕಾಡು, ಸೇನೆಯ ಜಮೀನು, ಕೃತಕ ಪೊಟರೆ ಎಲ್ಲದರ ಪಾಲೂ ಆ ಚೇತರಿಕೆಯಲ್ಲಿದೆ. ಆದರೆ ಖಾಸಗಿಯವರು ಕೊಡಲಿ ಕೆಳಗಿಟ್ಟಿದ್ದರಲ್ಲಿ ಈ ಒಂದು ಹಾಳೆ ಕಾಗದದ ಪಾತ್ರ ಸಣ್ಣದಲ್ಲ.

ನಮ್ಮ ಮಲೆನಾಡಿನಲ್ಲಿ ಇಂಥ ಭರವಸೆಯ ಅಗತ್ಯ ಇನ್ನೂ ಹೆಚ್ಚು. 1996ರ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಡೆತನ ಯಾರದ್ದೇ ಇರಲಿ, ಕಾಡಿನಂತಿರುವುದೆಲ್ಲ ಕಾಡು ಎಂದಿತು. ಆ ಆದೇಶ ಎಷ್ಟೋ ಕಾಡನ್ನು ಗಣಿಯ ಬಾಯಿಂದ ಉಳಿಸಿದೆ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ದಾಖಲೆಯಲ್ಲಿ ಕಾಡಲ್ಲದಿದ್ದರೂ ಕಾಡೆಂದೇ ಎಣಿಸುವ 'ಪರಿಭಾವಿತ ಅರಣ್ಯ' ಎಂಬ ಮಾತು ಹುಟ್ಟಿಸಿದ ದಿಗಿಲೂ ನಿಜ. ರಾಜ್ಯದಲ್ಲಿ ಆ ಪಟ್ಟಿ ಒಮ್ಮೆ 9.94 ಲಕ್ಷ ಹೆಕ್ಟೇರ್ ಇದ್ದದ್ದು 2022ರಲ್ಲಿ 3.3 ಲಕ್ಷ ಹೆಕ್ಟೇರ್‌ಗೆ ಇಳಿಯಿತು. ಪಟ್ಟಿ ಹೀಗೆ ಹಿಗ್ಗಿ ಕುಗ್ಗುವುದನ್ನು ನೋಡಿದ ರೈತ, ತನ್ನ ಹುಲ್ಲುಬೇಣದಲ್ಲಿ ಮರ ಎದ್ದರೆ ನಾಳೆ ಪಹಣಿಯಲ್ಲಿ ಏನು ಬರೆದಾರೋ ಎಂದು ಹೆದರುವುದರಲ್ಲಿ ಆಶ್ಚರ್ಯವಿಲ್ಲ. ವರ್ಷಕ್ಕೊಮ್ಮೆ ಬೆಂಕಿ ಕೊಟ್ಟು ಬೋಳು ಇಟ್ಟರೆ ಹಕ್ಕು ಭದ್ರ ಎಂಬ ನಂಬಿಕೆ ಬೆಳೆದದ್ದು ಹಾಗೆ.

ಇನ್ನು ದುಡ್ಡಿನ ಮಾತು. ಇದರಲ್ಲಿ ನನಗೆ ಕೊಕ್ಕರೆ ಬೆಳ್ಳೂರಿಗಿಂತ ದೊಡ್ಡ ಉದಾಹರಣೆ ಬೇರೆ ಕಂಡಿಲ್ಲ.

ಮದ್ದೂರು ತಾಲೂಕಿನ, ಶಿಂಷಾ ನದಿಯ ಬದಿಯ ಈ ಊರಿನಲ್ಲಿ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ ಮರ, ಆಲದ ಜಾತಿಯ ಮರಗಳ ಮೇಲೆ ಗೂಡು ಕಟ್ಟುತ್ತವೆ. ಅಲ್ಲಿಗೆ ಹೋದ ಒಂದು ಮಾರ್ಚ್ ಬೆಳಿಗ್ಗೆ ನನಗೆ ಮೊದಲು ಎದುರಾದದ್ದು ವಾಸನೆ. ಅಂಗಳದ ತುಂಬ ಸುಣ್ಣ ಎರಚಿದಂತೆ ಹಿಕ್ಕೆ, ಅರ್ಧ ತಿಂದು ಬೀಳಿಸಿದ ಮೀನು, ತಲೆಯ ಮೇಲೆ ಮರಿಗಳ ಗದ್ದಲ. ಒಬ್ಬ ತಾಯಿ ಅದೇ ಮರದ ಕೆಳಗೆ ಪೊರಕೆ ಹಿಡಿದು ಗುಡಿಸುತ್ತಿದ್ದರು. ಕಷ್ಟ ಆಗಲ್ವಾ ತಾಯಿ ಎಂದು ಕೇಳಿದೆ. "ಹೆಣ್ಮಕ್ಳು ಬಾಣಂತನಕ್ಕೆ ಅಂತ ತವರಿಗೆ ಬಂದವ್ರೆ, ಗಲೀಜಾಯ್ತು ಅಂತ ಕಳ್ಸಕ್ಕಾಯ್ತದಾ?" ಎಂದು ಗುಡಿಸುವುದನ್ನು ಮುಂದುವರಿಸಿದರು. ಆ ಊರಿನಲ್ಲಿ ಎಲ್ಲರೂ ಆಡುವ ಮಾತಂತೆ ಅದು. ಆದರೂ ಪೊರಕೆ ಕೈಯಲ್ಲಿರುವಾಗ ಹೇಳಿದಾಗ ಅದರ ತೂಕವೇ ಬೇರೆ.

ಈ ಪ್ರೀತಿಗೆ ಒಂದು ಬೆಲೆ ಇದೆ. ಹುಣಸೆ ಬಡಿಯುವ ಕಾಲವೂ ಹಕ್ಕಿಗಳು ಮರಿ ಮಾಡುವ ಕಾಲವೂ ಒಂದೇ. ಗೂಡಿದ್ದ ಮರವನ್ನು ಬಡಿಯುವಂತಿಲ್ಲ, ಆ ವರ್ಷದ ಹುಣಸೆ ಹೋಯಿತೆಂದೇ ಲೆಕ್ಕ. 1976ರಲ್ಲಿ ಈ ಊರಿನ ಹಕ್ಕಿಗಳ ಮಹತ್ವವನ್ನು ಹೊರಜಗತ್ತಿಗೆ ತೋರಿಸಿದ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಲೆಕ್ಕವನ್ನು ಸರಿಯಾಗಿ ಗ್ರಹಿಸಿದ್ದರು. ಊರಿನವರನ್ನು ಎಬ್ಬಿಸಿ ಅಭಯಾರಣ್ಯ ಮಾಡುವ ದಾರಿ ಹಿಡಿಯದೆ, ಗೂಡಿರುವ ಮರದ ಮಾಲೀಕರಿಗೆ ಇಲಾಖೆಯಿಂದ ಹಣ ಕೊಡುವ ಪದ್ಧತಿ ಬಂತು. ಮುಂದೆ ಊರಿನ ಯುವಕರೇ ಹೆಜ್ಜಾರ್ಲೆ ಬಳಗ ಎಂದು ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಹಾರಿಬಿಡುವ ಕೆಲಸ ಮಾಡಿದರು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಹಕ್ಕಿಯ ಹಿಕ್ಕೆಯನ್ನು ಕೆರೆಯ ಗೋಡುಮಣ್ಣಿನ ಜೊತೆ ಬೆರೆಸಿ ಹೊಲಕ್ಕೆ ಹಾಕುವ ರೂಢಿಯಂತೂ ಇದಕ್ಕೆಲ್ಲ ಮೊದಲಿನದು.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಆನೆ ನುಗ್ಗಿ ಬಾಳೆ ಮುರಿದರೆ ಸಿಗುವ ಪರಿಹಾರ ನಷ್ಟಕ್ಕೆ ಕೊಡುವ ದುಡ್ಡು. ಕೊಕ್ಕರೆ ಬೆಳ್ಳೂರಿನಲ್ಲೂ ಕಾಗದದ ಮೇಲೆ ಅದು ಹುಣಸೆ ನಷ್ಟವೇ. ಆದರೆ ಕೆಲಸ ಮಾಡುವ ರೀತಿಯಲ್ಲಿ ಅದು ಗೂಡಿಗೆ ಕೊಡುವ ದುಡ್ಡು. ಹಕ್ಕಿ ಬಂದರೆ ಮಾಲೀಕನ ಕೈಗೆ ಏನೋ ಬರುತ್ತದೆ, ಬರದಿದ್ದರೆ ಇಲ್ಲ. ಹಕ್ಕಿ ಬರಲಿ ಎಂದು ಮಾಲೀಕ ಬಯಸುವಂತೆ ಮಾಡುವ ಪರಿಹಾರ ನಮ್ಮ ರಾಜ್ಯದಲ್ಲಿ ಇದೊಂದೇ ಇರಬೇಕು. ಅದರ ದೌರ್ಬಲ್ಯವೂ ಅಲ್ಲೇ ಇದೆ. ಹುಣಸೆಯ ಧಾರಣೆ ಏರಿ ಇಲಾಖೆಯ ಹಣ ಏರದಿದ್ದರೆ ಮರ ಗರಗಸದ ಪಾಲಾಗುತ್ತದೆ. ಸೈಟಿಗೆ ಬೆಲೆ ಬಂದ ಕಾಲದಲ್ಲಿ ಹಿತ್ತಲಿನ ಹಳೇ ಮರಕ್ಕೆ ಹುಣಸೆಹಣ್ಣಿನ ಲೆಕ್ಕದಲ್ಲಿ ಬೆಲೆ ಕಟ್ಟುವುದು ಸಾಲದು.

ಕೊಸ್ಟರಿಕ ದೇಶ 1996ರ ಅರಣ್ಯ ಕಾನೂನಿನಲ್ಲಿ ಈ ವಿಚಾರವನ್ನು ನಾಡಿಗೆಲ್ಲ ಹರಡಿತು. ಖಾಸಗಿ ಜಮೀನಿನಲ್ಲಿ ಕಾಡು ಇಟ್ಟುಕೊಂಡವರಿಗೆ ಒಪ್ಪಂದದ ಮೇಲೆ ಸರ್ಕಾರವೇ ಹಣ ಕೊಡುತ್ತದೆ, ಅದರ ದೊಡ್ಡ ಪಾಲು ಇಂಧನದ ಮೇಲಿನ ತೆರಿಗೆಯಿಂದ ಬರುತ್ತದೆ. ನೀರು ಹಿಡಿದಿಟ್ಟುಕೊಳ್ಳುವುದು, ಇಂಗಾಲ, ಜೀವವೈವಿಧ್ಯ ಇವೆಲ್ಲ ಜಮೀನುದಾರ ಊರಿಗೆ ಮಾಡುತ್ತಿರುವ ಸೇವೆ ಎಂಬುದು ಅದರ ತಳಹದಿ. ಕಾವೇರಿ ಹುಟ್ಟುವ ನೆಲದಲ್ಲಿ ಕುಳಿತ ಕೊಡಗಿನವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ನಮ್ಮ ಹಳ್ಳದ ನೀರು ಬೆಂಗಳೂರಿನ ನಲ್ಲಿಯಲ್ಲಿ ಬರುತ್ತದೆ. ಹಳ್ಳದ ದಂಡೆಯ ಮರ ಕಾದವನಿಗೆ ಆ ನಲ್ಲಿಯ ಬಿಲ್ಲಿನಿಂದ ಒಂದು ಪೈಸೆಯೂ ಬರುವುದಿಲ್ಲ.

ದುಡ್ಡು ಕೊಡುವ ಯಂತ್ರ ನಮ್ಮಲ್ಲಿಲ್ಲ ಎಂದೇನೂ ಅಲ್ಲ. 2011ರಿಂದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಇದೆ. ನರ್ಸರಿಯಿಂದ ಸಸಿ ತಂದು ನೆಟ್ಟು ಉಳಿಸಿಕೊಂಡರೆ ಮೂರು ವರ್ಷದಲ್ಲಿ ಕಂತುಗಳಾಗಿ ಸಸಿಗೆ 125 ರೂಪಾಯಿ. ನೆಟ್ಟಿದ್ದಕ್ಕಲ್ಲ, ಬದುಕಿದ್ದಕ್ಕೆ ದುಡ್ಡು. ಒಳ್ಳೆಯ ತತ್ವ. ಆದರೆ ನನ್ನ ತೋಟದಲ್ಲಿ ತಾನಾಗಿ ಹುಟ್ಟಿದ ಬೀಟೆಗೆ ಇದು ಅನ್ವಯಿಸದು, ಮಾವನ ಗೋಣಿಮರಕ್ಕಂತೂ ಇಲ್ಲವೇ ಇಲ್ಲ. ನಾಳೆ ಆ ಗೋಣಿ ತೆಗೆದು ಅಲ್ಲಿ ನೂರು ತೇಗದ ಸಸಿ ನೆಟ್ಟರೆ ಪ್ರೋತ್ಸಾಹಧನ ಕೇಳಬಹುದು! ಈ ಯೋಜನೆಯ ಬಾಗಿಲನ್ನು ನಿಂತಿರುವ ಕಾಡುಮರಗಳಿಗೂ, ತಾನಾಗಿ ಹುಟ್ಟಿದ ಸಸಿಗಳಿಗೂ ತೆರೆದರೆ ಸಾಕು, ಹೊಸ ಇಲಾಖೆ ಕಟ್ಟಬೇಕಿಲ್ಲ. ಎಲ್ಲ ಕಡೆಗೂ ಒಮ್ಮೆಲೇ ಬೇಡ. ಆನೆ ದಾರಿ, ಹಳ್ಳದ ದಂಡೆ, ದೇವರಕಾಡಿನ ಅಂಚು, ಅಭಯಾರಣ್ಯಕ್ಕೆ ತಾಗಿದ ತೋಟ, ಇಷ್ಟರಿಂದ ಶುರುವಾಗಲಿ. ಕೇಂದ್ರ ಸರ್ಕಾರ 2025ರಲ್ಲಿ ಕೃಷಿ ಜಮೀನಿನ ಮರ ಕಡಿಯುವುದನ್ನು ಸರಳಗೊಳಿಸುವ ಮಾದರಿ ನಿಯಮ ತಂದಿತು. ಮರ ಬೆಳೆಸಿ ಮಾರುವವರಿಗೆ ಅನುಕೂಲವೇ. ಬೆಳೆಸಿ ಕಡಿಯದೆ ಉಳಿಸಿಕೊಂಡವರ ಬಗ್ಗೆ ಅಂಥದ್ದೇ ಒಂದು ನಿಯಮಕ್ಕೆ ನಾನು ಕಾದಿದ್ದೇನೆ.

ಜಮೀನು ಕೊಂಡುಬಿಡುವುದು ಇನ್ನೊಂದು ದಾರಿ. ಕೊಳ್ಳೇಗಾಲದ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಆನೆ ದಾರಿಯಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸುಮಾರು 25 ಎಕರೆ ಖಾಸಗಿ ಜಮೀನು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿದ್ದು ದೇಶಕ್ಕೇ ಹೊಸ ಮಾದರಿಯಾಗಿತ್ತು. ದಕ್ಷಿಣ ಕೊಡಗಿನಲ್ಲಿ ಅನಿಲ್ ಮತ್ತು ಪಮೇಲಾ ಮಲ್ಹೋತ್ರಾ ದಂಪತಿ 1991ರಲ್ಲಿ 55 ಎಕರೆಯಿಂದ ಶುರುಮಾಡಿ 300 ಎಕರೆಯಷ್ಟು ಜಮೀನನ್ನು ಕಾಡಾಗಲು ಬಿಟ್ಟರು. ಆನೆ ದಾರಿಯಂಥ ಇಕ್ಕಟ್ಟಿನ ಕಡೆ ಕೊಳ್ಳುವುದೇ ಸರಿ. ಆದರೆ ಎಲ್ಲರ ತೋಟ ಕೊಳ್ಳುವಷ್ಟು ದುಡ್ಡು ಯಾರಲ್ಲೂ ಇಲ್ಲ, ಐದೆಕರೆಯವನು ಮಾರಿ ಹೋಗುವುದಾದರೂ ಎಲ್ಲಿಗೆ?

ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿ, ಖಾಸಗಿಯವರೂ ತಾವಾಗಿ ಮುಂದೆ ಬಂದರೆ ಅವರ ಜಮೀನನ್ನು ಸಮುದಾಯ ಮೀಸಲು ಎಂದು ಘೋಷಿಸಬಹುದು ಎನ್ನುತ್ತದೆ. ಕೊಕ್ಕರೆ ಬೆಳ್ಳೂರಿನ ಘೋಷಣೆ ಆದದ್ದು ಅದರಡಿ. ಹಾಗಿದ್ದರೂ ಬೆಳೆಗಾರರು ಸಾಲುಗಟ್ಟಿಲ್ಲ. ಒಮ್ಮೆ ಘೋಷಣೆಯಾದರೆ ಜಮೀನಿನ ಬಳಕೆ ಬದಲಿಸಲು ಸಮಿತಿಯ ನಿರ್ಣಯ ಬೇಕು, ಅದರ ಮೇಲೆ ರಾಜ್ಯ ಸರ್ಕಾರದ ಒಪ್ಪಿಗೆ ಬೇಕು. ಮಗಳ ಮದುವೆಗೋ ಆಸ್ಪತ್ರೆಗೋ ಎರಡೆಕರೆ ಮಾರಬೇಕಾದವನು ಇಂಥ ಕಾಗದಕ್ಕೆ ಸಹಿ ಹಾಕುವನೇ? ಹತ್ತು ವರ್ಷಕ್ಕೋ ಇಪ್ಪತ್ತು ವರ್ಷಕ್ಕೋ ಒಪ್ಪಂದ, ಅವಧಿ ಮುಗಿದ ಮೇಲೆ ಮುಂದುವರಿಸುವ ಅಥವಾ ಬಿಡುವ ಹಕ್ಕು ಮಾಲೀಕನಿಗೆ, ಇದ್ದಷ್ಟು ದಿನ ವರ್ಷ ವರ್ಷ ಹಣ: ಹೀಗಿದ್ದರೆ ಮಾವನಂಥವರೂ ಕೂತು ಮಾತಾಡಿಯಾರು.

ಹಣ, ಭರವಸೆ ಎರಡೂ ಸಿಕ್ಕರೂ ಹಾಳಾದ ಜಾಗದಲ್ಲಿ ಕಾಡು ತಾನಾಗಿ ಬಂದುಬಿಡುವುದಿಲ್ಲ. ಲಂಟಾನ ಕಳೆ ಹೊಕ್ಕ ಹಡ್ಲಿನಲ್ಲಿ, ಅಂದರೆ ಪಾಳುಬಿದ್ದ ಗದ್ದೆಯಲ್ಲಿ, ಬೇರೆ ಸಸಿ ಏಳುವುದೇ ಕಷ್ಟ. ತಮಿಳುನಾಡಿನ ವಾಲ್ಪಾರೈನಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಎರಡು ದಶಕಗಳಿಂದ ಚಹಾ, ಕಾಫಿ ಕಂಪನಿಗಳ ಜೊತೆ ಕೂತು ತೋಟಗಳ ನಡುವೆ ಉಳಿದ ಮಳೆಕಾಡಿನ ತುಣುಕುಗಳನ್ನು ಸರಿಪಡಿಸುತ್ತಿದ್ದಾರೆ. ಕಳೆ ತೆಗೆಯುವುದು, ಆ ಬೆಟ್ಟದ್ದೇ ಬೀಜ ಆರಿಸಿ ನರ್ಸರಿ ಮಾಡುವುದು, ನೆಟ್ಟ ಮೇಲೆ ವರ್ಷಗಟ್ಟಲೆ ಬುಡ ನೋಡಿಕೊಳ್ಳುವುದು. ಒಂಟಿ ಬೆಳೆಗಾರನಿಂದ ಆಗುವ ಕೆಲಸವಲ್ಲ. ನಮ್ಮ ನರ್ಸರಿಗಳಲ್ಲಿ ಸಿಲ್ವರ್, ತೇಗ ಬೇಕಾದಷ್ಟು ಸಿಗುತ್ತವೆ. ಗುಳಮಾವು, ಧೂಪ, ರಾಮಪತ್ರೆ ಕೇಳಿದರೆ ಮುಖ ನೋಡುತ್ತಾರೆ.

ಒಂದು ಮಾತನ್ನು ನುಂಗಿಕೊಂಡು ಈ ಲೇಖನ ಮುಗಿಸಲಾರೆ. ತೋಟದಲ್ಲಿ ಕಾಡು ಉಳಿದರೆ ಆನೆಯೂ ಉಳಿಯುತ್ತದೆ. ಆನೆಯ ಕಾಲಿಗೆ ಸಿಗುವವರು ಹೆಚ್ಚಾಗಿ ತೋಟದ ಮಾಲೀಕರಲ್ಲ. ಬೆಳಿಗ್ಗೆ ಮಂಜಿನಲ್ಲಿ ಕಾರ್ಮಿಕರ ಲೈನ್ ಮನೆಯಿಂದ ಕೆಲಸಕ್ಕೆ ನಡೆದು ಹೋಗುವ ಹೆಂಗಸರು, ಸಂಜೆ ಅಂಗಡಿಯಿಂದ ಸಾಮಾನು ಹೊತ್ತು ಬರುವ ಕೂಲಿಯವರು. ಮರ ಉಳಿಸಿದ ಮಾಲೀಕನಿಗೆ ಹಣ ಕೊಟ್ಟು, ಅದೇ ಮರದ ಕೆಳಗೆ ಜೀವ ಕೈಯಲ್ಲಿ ಹಿಡಿದು ಕಾಫಿ ಕೊಯ್ಯುವವಳಿಗೆ ಏನೂ ಕೊಡದ ಯೋಜನೆ ನ್ಯಾಯವಲ್ಲ. ವಾಲ್ಪಾರೈನಲ್ಲಿ ಆನೆ ಎಲ್ಲಿದೆ ಎಂದು ಮೊಬೈಲಿಗೆ ಸಂದೇಶ ಬರುತ್ತದೆ, ರಸ್ತೆ ತಿರುವಿನಲ್ಲಿ ಕೆಂಪು ದೀಪ ಉರಿಯುತ್ತದೆ. ಅದರಿಂದ ಸಾವು ಗಣನೀಯವಾಗಿ ಇಳಿದಿದೆ. ಒಪ್ಪಂದ ಮಾಡಿಕೊಳ್ಳುವ ಪ್ರತಿ ತೋಟಕ್ಕೂ ಕೆಲಸಗಾರರನ್ನು ಕರೆತರುವ ವಾಹನ, ಲೈನ್ ಮನೆಯ ಸುತ್ತ ಬೆಳಕು, ಶೌಚಾಲಯ, ಆನೆ ಸುದ್ದಿ ತಲುಪಿಸುವ ಏರ್ಪಾಡು ಷರತ್ತಾಗಿ ಇರಬೇಕು. ಒಪ್ಪಂದದ ಹಣದಲ್ಲಿ ಇದಕ್ಕೆಂದೇ ಒಂದು ಪಾಲು ತೆಗೆದಿಡಬೇಕು.

ಬೀಟೆ ಸಸಿಯನ್ನು ನಾನು ಕೀಳಲಿಲ್ಲ. ಗೂಟದ ತುದಿಗೆ ಕೆಂಪು ಬಟ್ಟೆ ಕಟ್ಟಿ, ಕಳೆ ಹೊಡೆಯುವವರಿಗೆ ತೋರಿಸಿ ಬಂದೆ. ಹೋದ ಮಳೆಗಾಲ ಮುಗಿದ ಮೇಲೆ ನೋಡಿದರೆ ಎದೆಯುದ್ದ ಆಗಿತ್ತು, ಗೂಟ ಮಾತ್ರ ಕೊಳೆತು ವಾಲಿತ್ತು. ಪಕ್ಕದಲ್ಲೇ ಹೊಸ ಬಿದಿರು ಗೂಟವೊಂದು ನೆಟ್ಟಿತ್ತು, ಸಸಿಗೆ ಬಾಳೆನಾರಿನಲ್ಲಿ ಸಡಿಲವಾಗಿ ಗಂಟು ಹಾಕಿತ್ತು. ನೆಟ್ಟವರು ಯಾರೆಂದು ಕಳೆ ಹೊಡೆಯುವವರನ್ನು ಕೇಳಿದೆ. ಬೇಲಿಯ ಆಚೆ ಕೈ ತೋರಿಸಿದರು.